ಬೀದಿಗೆಲ್ಲ ಮೀಟರ್ ಇಳಿದ ತಿಂಗಳು

ನಾಲ್ಕು ಜನಕ್ಕೆ ಒಳ್ಳೆಯದು ಹೇಳಿದಾಗೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ನ್ಯಾಮತಿಯಲ್ಲಿ ಟಿ.ವಿ., ಫ್ರಿಜ್ ರಿಪೇರಿ ಮಾಡುವವನು. ನಮ್ಮ ಬೀದಿಯ ಮಹಿಳಾ ಸಂಘದವರು ಕರೆಂಟ್ ಉಳಿಸುವುದರ ಬಗ್ಗೆ ಮಾತಾಡಿ ಎಂದು ಕರೆದರು. ಟಿ.ವಿ.ಯ ಕೆಂಪು ದೀಪ ಉರಿಯುತ್ತಿದ್ದರೆ ಅದು ಕರೆಂಟ್ ತಿನ್ನುತ್ತಿದೆ ಅಂತ ಲೆಕ್ಕ, ಫ್ರಿಜ್ಜಿಗೆ ಸ್ಟಾರ್ ಹೆಚ್ಚಿದ್ದಷ್ಟೂ ಖರ್ಚು ಕಮ್ಮಿ ಎಂದೆಲ್ಲ ಹೇಳಿದೆ. ಮೈಕ್ ಕೈಗೆ ಸಿಕ್ಕಿದ ಉಮೇದಿನಲ್ಲಿ, "ಒಂದು ತಿಂಗಳು ನಾ ಹೇಳಿದಂಗೆ ಮಾಡ್ರಿ. ಈ ಬೀದೀಲಿ ಒಂದೇ ಒಂದು ಮನೆ ಮೀಟರ್ ಹೋದ ತಿಂಗಳಿಗಿಂತ ಏರಿದ್ರೂ ನನ್ನ ಅಂಗಡಿ ಬೋರ್ಡ್ ಇಳಿಸ್ತೀನಿ!" ಅಂದುಬಿಟ್ಟೆ. ಇಪ್ಪತ್ತು ವರ್ಷದ ಬೋರ್ಡು ಅದು.

ಕೆಂಪು ದೀಪ

ವಾರ ಕಳೆದು ಎದುರು ಮನೆ ಅಜ್ಜಿಯ ಟಿ.ವಿ. ನೋಡಲು ಹೋದೆ. ದೀಪವೇ ಕಾಣಲಿಲ್ಲ. ಆ ಜಾಗದಲ್ಲಿ ಹಣೆಗೆ ಅಂಟಿಸುವ ದೊಡ್ಡ ಸ್ಟಿಕ್ಕರ್ ಬೊಟ್ಟು!

"ಅಜ್ಜಿ, ಗೋಡೆ ಮೇಲಿನ ಸ್ವಿಚ್ ಆರಿಸಿ ಅಂದಿದ್ದೆ."

"ಅಷ್ಟೆತ್ತರ ಕೈ ಎಟಕಲ್ಲ ಕಣಪ್ಪ. ದೀಪಾನೇ ಮುಚ್ಚೀನಿ, ಇನ್ನು ಹೆಂಗೆ ತಿಂತೈತೆ ನೋಡಾಣ."

ಐದು ಸ್ಟಾರ್

ಪಕ್ಕದ ಮನೆಯ ಬಳೆ ಅಂಗಡಿ ಸಾಹೇಬರು ಕರೆದರು. "ಅಣ್ಣಾ, ಐದು ಸ್ಟಾರ್ ಹಾಕಿದ್ರೂ ಫ್ರಿಜ್ ಕರೆಂಟ್ ಕುಡಿಯೋದು ಬಿಟ್ಟಿಲ್ಲ."

ಹೋಗಿ ನೋಡಿದರೆ ತುಕ್ಕು ಹಿಡಿದ ಹಳೇ ಫ್ರಿಜ್ಜು, ಅದರ ಬಾಗಿಲಿಗೆ ಐದು ಸ್ಟಾರಿನ ಹೊಸ ಚೀಟಿ.

"ಇದೆಲ್ಲಿಂದ ಬಂತ್ರೀ ಸಾಹೇಬ್ರೇ?"

"ಬಸವಾಪಟ್ಟಣದ ತಮ್ಮನ ಹೊಸ ಫ್ರಿಜ್ಜಿಂದು. ಹುಷಾರಾಗಿ ಕಿತ್ತು ಬಸ್ಸಲ್ಲಿ ತಂದೆ."

"ತಮ್ಮ ಬ್ಯಾಡ ಅನ್ಲಿಲ್ವಾ?"

"ಅವನದು ಹೊಸದು, ಸ್ಟಾರ್ ಇಲ್ದಿದ್ರೂ ನಡೀತೈತೆ. ಕಷ್ಟ ಇರೋದು ಹಳೇದಕ್ಕೆ ಅಲ್ವಾ!"

ನನ್ನ ಮೀಟರ್

ಇವರನ್ನು ನೆಚ್ಚಿಕೊಂಡರೆ ಬೋರ್ಡು ಹೋಯಿತು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೆ ತಿಂಗಳಾದ ಮೇಲೆ ಮೀಟರ್ ಓದುವವನು ಬಂದು ನೋಡಿದ, ಬೀದಿಗೆಲ್ಲ ಇಳಿದಿತ್ತು. ಒಂದೇ ಒಂದು ಮನೆಯದು ಸಿಕ್ಕಾಪಟ್ಟೆ ಏರಿತ್ತು. ಅದು ನನ್ನದು!

ತಲೆ ಕೆಟ್ಟುಹೋಯಿತು. ಎಲ್ಲೋ ವೈರಿನಲ್ಲಿ ಕರೆಂಟ್ ಸೋರುತ್ತಿರಬೇಕೆಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ, ಟೆಸ್ಟರ್ ಹಿಡಿದು ಮನೆಗೆ ಓಡಿದೆ. ಬಾಗಿಲಲ್ಲಿ ರಾಶಿ ಚಪ್ಪಲಿ. ಒಳಗೆ ಸಾಲಾಗಿ ಹನ್ನೊಂದು ಮೊಬೈಲ್ ಚಾರ್ಜಿಗಿದ್ದವು. ಫ್ರಿಜ್ಜಿನ ತುಂಬ ಯಾರ‍್ಯಾರದೋ ದೋಸೆ ಹಿಟ್ಟು, ಸಾಹೇಬರ ಮನೆಯ ಹಾಲು. ಅಜ್ಜಿ ಕಾಲು ಚಾಚಿ ಧಾರಾವಾಹಿ ನೋಡುತ್ತಿದ್ದರು. ನನ್ನ ಹೆಂಡತಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಮನೆಗೆ ಬರುವ ನನಗೆ ಇದೊಂದೂ ಗೊತ್ತೇ ಇರಲಿಲ್ಲ.

"ಏನಜ್ಜಿ ಇದು?" ಎಂದು ಕಿರುಚಿದೆ.

"ಕರೆಂಟ್ ಉಳಿಸೋ ವಿದ್ಯೆ ಈ ಬೀದೀಲಿ ಗೊತ್ತಿರೋದು ನಿನಗೊಬ್ಬನಿಗೇ ಕಣಪ್ಪ. ಅದಕ್ಕೇ ಉರಿಸೋದೆಲ್ಲ ನಿನ್ನ ಮನೇಲೇ ಉರಿಸ್ತಿದೀವಿ."

"ನನ್ನ ಬೋರ್ಡ್ ಗತಿ ಏನಜ್ಜಿ?"

ಅಜ್ಜಿ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. "ಇಳಿಸಾಕೆ ಏಣಿ ನಮ್ಮನೇಲೈತೆ, ತಗಂಡು ಹೋಗು. ಅದಕ್ಕೇನೂ ಕರೆಂಟ್ ಬ್ಯಾಡ."