ಗೊತ್ತಪ್ಪನ ದ್ರಾಕ್ಷಿ ಜಾಮು

ಯಾರು ಏನು ಹೇಳಹೊರಟರೂ ಅರ್ಧದಲ್ಲೇ ತಡೆದು ‘ನಂಗೊತ್ತು’ ಎನ್ನುವುದು ಆ ಗುಮಾಸ್ತನ ಚಾಳಿ. ಅದಕ್ಕೇ ಕಚೇರಿಯವರು ಅವನಿಗೆ ಗೊತ್ತಪ್ಪ ಎಂದು ಹೆಸರಿಟ್ಟಿದ್ದರು. ಶನಿವಾರ ಊಟದ ಹೊತ್ತಿಗೆ ಕ್ಯಾಶಿಯರ್ ಬ್ರೆಡ್ಡಿಗೆ ಅಂಗಡಿಯ ಜಾಮು ಸವರಿಕೊಳ್ಳುವುದನ್ನು ಕಂಡು ಅವನ ನಾಲಿಗೆ ತುರಿಸಿತು.

“ಅದು ಜಾಮೇನ್ರೀ? ಬಣ್ಣ ಹಾಕಿದ ಗೋಂದು! ನಾಳೆ ಸಾಹೇಬರ ಮನೆ ಟೀ ಪಾರ್ಟಿಗೆ ನಾನೇ ಮಾಡಿ ತರ್ತೀನಿ. ಒಂದ್ಸಲ ತಿಂದ್ರೆ ಅಂಗಡಿ ಬಾಟ್ಲಿ ಕಡೆ ತಲೆ ಹಾಕಿಯೂ ಮಲಗಲ್ಲ ನೀವು.”

ಮಾತು ಸಾಹೇಬರ ಕಿವಿಗೂ ಬಿತ್ತು. “ತನ್ನಿ, ನೋಡೇಬಿಡೋಣ,” ಎಂದರು. ಬಡ್ತಿಗೆ ಯಾರ ಹೆಸರು ಕಳಿಸುವುದೆಂದು ಅವರು ಯೋಚಿಸುತ್ತಿದ್ದ ದಿನಗಳವು. ಜಾಮು ಮಾಡುವುದಿರಲಿ, ಗೊತ್ತಪ್ಪ ಅಲ್ಲಿಯವರೆಗೆ ನೀರು ಕಾಯಿಸಿದ್ದೂ ಅನುಮಾನವೇ.

ಭಾನುವಾರ ಬೆಳಿಗ್ಗೆ ತಾನು ಬೇಯಿಸಿಟ್ಟಿದ್ದ ದ್ರಾಕ್ಷಿ ಜಾಮಿನ ಬಾಟ್ಲಿಯನ್ನು ಹೆಂಡತಿಯ ಮುಂದೆ ಠೀವಿಯಿಂದ ಬಗ್ಗಿಸಿದ. ಜಾಮು ಅವನ ಅಂಗಿಯ ತೋಳಿನೊಳಗೆ ಹರಿದು ಮೊಣಕೈ ತಲುಪಿತು.

“ಕೆಮ್ಮಿನ ಔಷಧಿ ಥರ ಇದೆ,” ಎಂದಳು ಹೆಂಡತಿ. “ಊಟ ಆದ್ಮೇಲೆ ಒಂದೊಂದು ಚಮಚ ಅಂತ ಚೀಟಿ ಅಂಟಿಸಿ.”

ಮತ್ತೆ ಒಲೆ ಹೊತ್ತಿತು. ವಾಸನೆ ಹಿಡಿದು ಮೊದಲು ಬಂದವರು ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಪಾಠ ಕೇಳುವವರು ಸಿಗದೆ ಸೊರಗಿದ್ದ ಅವರು ಪಾತ್ರೆಯೊಳಗೆ ಇಣುಕಿ ಅರಳಿದರು.

“ಹುಳಿ ಸಾಲ್ದು ಕಣಯ್ಯ. ಹುಳಿ ಇಲ್ದೆ ಜಾಮು ಗಟ್ಟಿಯಾಗಲ್ಲ. ನಿಂಬೆಹಣ್ಣು ಹಿಂಡು.”

“ಹುಳಿಯಂತೆ ಹುಳಿ!” ಮಹಡಿ ಮನೆಯ ಆಂಟಿ ಸೇಬಿನ ಸಿಪ್ಪೆಯ ಬಟ್ಟಲು ಹಿಡಿದೇ ಇಳಿದುಬಂದರು. “ಇದನ್ನ ಬಟ್ಟೇಲಿ ಕಟ್ಟಿ ಒಳಗೆ ಬಿಡಪ್ಪ. ಗಟ್ಟಿ ಆಗದೆ ಎಲ್ಲಿಗೆ ಹೋಗುತ್ತೆ?”

ಬಟ್ಟೆ ಎಂದು ಅವರ ಕೈಗೆ ಸಿಕ್ಕಿದ್ದು ಗೊತ್ತಪ್ಪ ಸಂಜೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಕರವಸ್ತ್ರ. ನಿಂಬೆಯೂ ಬಿತ್ತು, ಸಿಪ್ಪೆಯ ಗಂಟೂ ಬಿತ್ತು. ಇಬ್ಬರೂ ಸೌಟಿಗಾಗಿ ಕಿತ್ತಾಡುತ್ತಿರುವಾಗ ಜಾಮು ಕೊತಕೊತ ಕುದಿದು ಗೋಡೆಗೆಲ್ಲ ಸಿಡಿಯಿತು. ಅಡುಗೆಮನೆ ಕೊಲೆ ನಡೆದ ಜಾಗದಂತೆ ಕಾಣತೊಡಗಿತು.

ಕೊನೆಗೆ ಮೇಷ್ಟ್ರು ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ತಳ್ಳಿದರು. ಅದು ಸುಕ್ಕುಗಟ್ಟಿತು.

“ಹದ ಬಂತು! ಇಳಿಸು!”

“ಬೇಗ ಇಳಿಸಪ್ಪ!” ಬೆಳಗಿನಿಂದ ಮೊದಲ ಸಲ ಆಂಟಿ ಮೇಷ್ಟ್ರ ಮಾತು ಒಪ್ಪಿದರು.

“ನಂಗೊತ್ತು,” ಎಂದ ಗೊತ್ತಪ್ಪ. “ಇನ್ನೊಂದು ಕುದಿ ಬೇಕು.”

ಒಂದು ಕುದಿ ಎರಡಾಯಿತು, ನಾಲ್ಕಾಯಿತು. ಆಮೇಲೆ ಇಳಿಸಿದ. ತಣಿದ ಮೇಲೆ ಹೆಂಡತಿ ಸೌಟು ಎತ್ತಿದಳು. ಸೌಟಿನ ಜೊತೆ ಇಡೀ ಪಾತ್ರೆಯೇ ಮೇಲೆದ್ದಿತು. “ನಾನು ಆಗ್ಲೇ ಹೇಳ್ಲಿಲ್ವಾ?” ಎಂದು ಮೇಷ್ಟ್ರೂ, “ನನ್ನ ಸಿಪ್ಪೆ ದಂಡ” ಎಂದು ಆಂಟಿಯೂ ಜಾಗ ಖಾಲಿ ಮಾಡಿದರು.

ಸಂಜೆಯಾಗುತ್ತಿತ್ತು. ಗೊತ್ತಪ್ಪ ಕಳ್ಳನ ಹಾಗೆ ಹಿಂದಿನ ಬೀದಿಯ ಅಂಗಡಿಗೆ ನುಗ್ಗಿ, ಕ್ಯಾಶಿಯರ್ ತಿನ್ನುವ ಅದೇ ಕಂಪನಿಯ ದ್ರಾಕ್ಷಿ ಜಾಮು ಕೊಂಡು ತಂದು, ತನ್ನ ಬಾಟ್ಲಿ ತೊಳೆದು ಅದಕ್ಕೆ ತುಂಬಿ, ಮುಚ್ಚಳಕ್ಕೆ ಚೌಕಳಿ ಬಟ್ಟೆ ಕಟ್ಟಿದ.

“ಇದೇನ್ರೀ, ಗೋಂದು ಅಂತಿದ್ರಿ?” ಎಂದಳು ಹೆಂಡತಿ.

“ಅಲ್ಲಿ ಬಾಯಿ ಬಿಟ್ರೆ ನೋಡು!” ಎಂದು ಅವನು ಕಣ್ಣು ಕೆಕ್ಕರಿಸಿದ.

ಸಾಹೇಬರ ಮನೆಯಲ್ಲಿ ಎಲ್ಲರೂ ಬ್ರೆಡ್ಡು ಹಿಡಿದು ಮುತ್ತಿಕೊಂಡರು. ಕ್ಯಾಶಿಯರ್ ಮೊದಲ ತುತ್ತಿಗೇ ಮುಖ ಕಿವುಚಿದ.

“ಥೂ, ಏನ್ರೀ ಇಷ್ಟು ಹುಳಿ! ಸೀದ ವಾಸನೆ ಬೇರೆ.”

“ಹಲ್ಲಿಗೆಲ್ಲ ಅಂಟುತ್ತೆ,” ಎಂದಳು ಟೈಪಿಸ್ಟ್.

ಸಾಹೇಬರು ಮಾತ್ರೆ ನುಂಗುವ ಹಾಗೆ ನುಂಗಿ ನೀರು ಕುಡಿದರು. ಅಂಗಡಿಯದು ಎಂದರೆ ಮೋಸಗಾರ, ತನ್ನದೇ ಎಂದರೆ ಕೈಲಾಗದವ. ಗೊತ್ತಪ್ಪ ಬಾಟ್ಲಿಯ ಮುಚ್ಚಳ ಮುಚ್ಚಿ ಚೌಕಳಿ ಬಟ್ಟೆಯನ್ನು ಮತ್ತೆ ಕಟ್ಟತೊಡಗಿದ.

ಸಾಹೇಬರ ಹೆಂಡತಿಗೆ ಕನಿಕರ ಹುಟ್ಟಿತು. ಒಳಗೆ ಹೋಗಿ ತಮ್ಮ ಮನೆಯ ಬಾಟ್ಲಿ ತಂದರು. ಅದೇ ಕಂಪನಿ, ಅದೇ ದ್ರಾಕ್ಷಿ. ಎಲ್ಲರ ಬ್ರೆಡ್ಡಿಗೂ ಧಾರಾಳವಾಗಿ ಸವರಿದರು.

“ಆಹಾ! ಜಾಮು ಅಂದ್ರೆ ಇದು!” ಕ್ಯಾಶಿಯರ್ ಕಣ್ಣು ಮುಚ್ಚಿ ಚಪ್ಪರಿಸಿದ. ಟೈಪಿಸ್ಟ್ ಬೆರಳು ನೆಕ್ಕಿದಳು.

“ನೀವೂ ತಿನ್ನಿ,” ಎಂದರು ಸಾಹೇಬರು ಗೊತ್ತಪ್ಪನಿಗೆ. “ಹದ ಅಂದ್ರೇನು ಅಂತ ತಿಳೀಲಿ. ಒಂದು ಬಾಟ್ಲಿ ಜಾಮು ಸಂಭಾಳಿಸೋಕೆ ಆಗದವರ ಕೈಗೆ ಒಂದು ವಿಭಾಗ ಹೇಗ್ರೀ ಕೊಡೋದು?”

ಗೊತ್ತಪ್ಪ ಅಗಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

“ಹೌದು ಸಾರ್,” ಎಂದ ಕೊನೆಗೆ. “ಇದರ ಮುಂದೆ ನಂದು ಏನೇನೂ ಅಲ್ಲ.”