ಅತ್ತೆಯ ಫೋನಿನ ದಪ್ಪಕ್ಷರ

ಫೋನಿನ ಪರದೆಯ ಮೇಲೆ ಅಕ್ಷರ ಎಷ್ಟು ದಪ್ಪ ಇರಬೇಕು, ಗುಂಡಿ ಎಷ್ಟು ಅಗಲ ಇರಬೇಕು ಎಂದು ತೀರ್ಮಾನಿಸುವುದು ನನ್ನ ಉದ್ಯೋಗ. (ಹೆಂಡತಿ ಇದನ್ನು "ಅಕ್ಷರ ಹಿಗ್ಗಿಸೋದು, ಕುಗ್ಗಿಸೋದು" ಎಂದು ಪರಿಚಯಿಸುತ್ತಾಳೆ.) ಆಫೀಸಿನಲ್ಲಿ ನನ್ನ ಮಾತೇ ವೇದವಾಕ್ಯ, ಮನೆಯಲ್ಲಿ ಅದು ಮಾತೇ ಅಲ್ಲ.

ಹಾಗಾಗಿ ಪಕ್ಕದ ಬೀದಿಯ ಅತ್ತೆ ಭಾನುವಾರ ಫೋನ್ ಮುಂದೆ ಹಿಡಿದು, "ಅಳಿಯಂದ್ರೇ, ಇದೇನು ಅಕ್ಷರಾನೋ, ಇರುವೆ ಸಾಲೋ?" ಎಂದಾಗ ನನ್ನ ಎದೆ ಉಬ್ಬಿತು. ಹಿಗ್ಗಿಸಲು ಸಾಧ್ಯವಿದ್ದಷ್ಟೂ ಹಿಗ್ಗಿಸಿದೆ. ಒಂದೊಂದು ಅಕ್ಷರವೂ ಕುಂಬಳಕಾಯಿ!

ಅಕ್ಷರ ಬೆಳೆದರೆ ಅದರ ಚೌಕಟ್ಟೂ ಬೆಳೆಯಬೇಕು, ಇಲ್ಲದಿದ್ದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ ಎಂದು ಆಫೀಸಿನ ಹೊಸಬರಿಗೆ ಉಪದೇಶಿಸುವವನೂ ನಾನೇ. ಅತ್ತೆಯ ಹೊಗಳಿಕೆಯಲ್ಲಿ ಅದು ಮರೆತೇ ಹೋಯಿತು.

ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿನವರೆಗೆ ಹೋದವನು, ಚಾರ್ಜರ್ ಮರೆತೆನೆಂದು ವಾಪಸ್ಸು ಬಂದೆ. ನಮ್ಮ ಮನೆ ಮುಂದೆ ಅತ್ತೆ! ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಾವನದು. ಬಾಗಿಲು ಬಡಿಯುತ್ತ ಗೊಳೋ ಎಂದು ಅಳುತ್ತಿದ್ದಾರೆ.

"ಚಿನ್ನದಂಥಾ ಅಳಿಯ ಕಣ್ರೀ! ಒಂದು ದಿನಾನೂ ಎದುರು ಮಾತಾಡಿದವರಲ್ಲ!"

(ಆಡಲು ಸಂದರ್ಭ ಸಿಕ್ಕಿದ್ದರೆ ತಾನೆ!)

"ಅಂಥವರು ಇನ್ನೆಲ್ಲಿ ಸಿಗ್ತಾರೆ," ಎಂದು ಪಕ್ಕದಲ್ಲೇ ನಿಂತಿದ್ದ ಮಾವ ಮೂಗು ಒರೆಸಿಕೊಂಡರು.

ಅವರಿಗಿರುವುದು ನಾನೊಬ್ಬನೇ ಅಳಿಯ. ನ್ಯಾಯವಾಗಿ ನಾನು ಕೂಡಲೇ ಕೆಮ್ಮಬೇಕಿತ್ತು. ಆದರೆ ಮದುವೆಯಾದಂದಿನಿಂದ ಇಂಥ ಮಾತು ಕಿವಿಗೆ ಬಿದ್ದದ್ದೇ ಇಲ್ಲ. ಇನ್ನಷ್ಟು ಕೇಳಿಸಿಕೊಂಡು ಕೆಮ್ಮೋಣವೆಂದು ಗೇಟಿನ ಬಳಿಯೇ ನಿಂತೆ.

ಅಷ್ಟರಲ್ಲಿ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆರೆದಳು. "ಸ್ನಾನ ಮಾಡ್ತಿದ್ದೆ ಕಣಮ್ಮಾ, ಏನಾಯ್ತು? ರೀ, ನೀವ್ಯಾಕೆ ಅಲ್ಲಿ ನಿಂತಿದ್ದೀರಿ?"

ಅತ್ತೆ ತಿರುಗಿ ನೋಡಿದರು. ಓಡಿ ಬಂದು ನನ್ನ ಎರಡೂ ಕೈ ಹಿಡಿದು ಇನ್ನಷ್ಟು ಅತ್ತರು, ಆಮೇಲೆ ಚೆನ್ನಾಗಿ ಬೈದರು. ಕೊನೆಗೆ ಫೋನ್ ತೋರಿಸಿದರು. ಪರದೆಯ ನೆತ್ತಿಯಲ್ಲಿದ್ದ ಪುಟ್ಟ ಪಟ್ಟಿಯಲ್ಲಿ ಮಗಳ ಸಂದೇಶ: "ಇವ್ರು ಹೋಗ್ಬಿಟ್ರಮ್ಮಾ..." ಮುಂದಿನದಕ್ಕೆ ಅಲ್ಲಿ ಜಾಗವೇ ಇಲ್ಲ.

"ಇಷ್ಟೇನಾ!" ನನ್ನೊಳಗಿನ ತಜ್ಞ ಎದ್ದು ನಿಂತ. "ಅಕ್ಷರ ಕುಗ್ಗಿಸಿದ್ರೆ ಪೂರ್ತಿ ಕಾಣುತ್ತೆ, ನೋಡಿ."

"ಬೇಡಾ ರೀ, ಕೊಡಿ ಇಲ್ಲಿ!" ಎಂದು ಹೆಂಡತಿ ಕೈಚಾಚಿದಳು. ನಾನು ಬಿಟ್ಟೇನೆಯೇ? ಗಟ್ಟಿಯಾಗಿಯೇ ಓದಿದೆ:

"ಇವ್ರು ಹೋಗ್ಬಿಟ್ರಮ್ಮಾ ಆಫೀಸಿಗೆ. ಈಗ ಮನೆ ಮನೆ ಥರ ಇದೆ. ಬೇಗ ಬಾ, ನೆಮ್ಮದಿಯಾಗಿ ಹರಟೋಣ."

ಮಾವ ಆಕಾಶ ನೋಡತೊಡಗಿದರು. ಹೆಂಡತಿ ಟವೆಲ್ಲಿನೊಳಗೆ ಮುಖ ಮುಚ್ಚಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು. ಅತ್ತೆ ನನ್ನ ಬೆನ್ನು ಸವರಿ ಮೆಲ್ಲಗೆ ಹೇಳಿದರು:

"ಮತ್ತೆ ದಪ್ಪ ಮಾಡಿಬಿಡಿ ಅಳಿಯಂದ್ರೇ. ಕೆಳಗೆ ಇಂಥವು ಇನ್ನೂ ಬೇಕಾದಷ್ಟಿವೆ."