ಮುತ್ತಜ್ಜನ ಕಮಾನು

ನಮ್ಮ ಮನೆಗೆ ದೊಡ್ಡ ಇತಿಹಾಸವಿದೆ. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು.

ತಿಪಟೂರಿನಲ್ಲಿ ನಮ್ಮ ಮುತ್ತಜ್ಜ ತನ್ನ ನಾಲ್ವರು ಗಂಡುಮಕ್ಕಳಿಗೆಂದು ಒಂದೇ ಸೂರಿನಡಿ ನಾಲ್ಕು ಮನೆಗಳ ಸಾಲು ಕಟ್ಟಿಸಿದ್ದ. ಮನೆಯಿಂದ ಮನೆಗೆ ಹೋಗಲು ನಡುಗೋಡೆಯಲ್ಲೇ ಕಮಾನು. ಮಕ್ಕಳು ಪಾಲಾದ ಮೇಲೆ ಕಮಾನಿಗೆ ಇಟ್ಟಿಗೆ ತುಂಬಿ ಗಾರೆ ಮೆತ್ತಿದರು. ನಮ್ಮ ಗೋಡೆಯಾಚೆ ಈಗ ದೊಡ್ಡಪ್ಪನ ಮಗ ರುದ್ರಣ್ಣನ ಸಂಸಾರ.

ಎಮರ್ಜೆನ್ಸಿ ಮುಗಿದ ಮರುವರ್ಷ, ನನ್ನ ತಂಗಿ ಗಿರಿಜೆಯನ್ನು ನೋಡಲು ಚಿಕ್ಕನಾಯಕನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಎರಡು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ಮನೆತನ ನೋಡಬೇಕು" ಎಂದು ಅವರು ಮೊದಲೇ ಹೇಳಿಕಳಿಸಿದ್ದರು. ಮನೆತನಕ್ಕೆ ಮುತ್ತಜ್ಜನ ಕಮಾನಿಗಿಂತ ಸಾಕ್ಷಿ ಬೇಕೆ? ಗಾರೆ ಕೆರೆದು ಅದರ ಅಂಚು ಕಾಣುವಂತೆ ಮಾಡುವುದೆಂದು ತೀರ್ಮಾನಿಸಿ, ಉಳಿ ಸುತ್ತಿಗೆ ಹಿಡಿದೆ.

"ರೀ, ಅವರು ಮೂರು ಗಂಟೆ ಬಸ್ಸಿಗೆ ಬತ್ತಾರೆ. ಗೋಡೆ ತಂಟೆ ಬುಡ್ರೀ!" ಎಂದಳು ಹೆಂಡತಿ ಶಾರದೆ, ಉಪ್ಪಿಟ್ಟಿನ ರವೆ ಹುರಿಯುತ್ತ.

"ಬರೀ ಗಾರೆ ಕಣೇ. ಹತ್ತೇ ನಿಮಿಷ!"

ಗಾರೆಯ ಜೊತೆ ಒಂದು ಇಟ್ಟಿಗೆಯೂ ಬಂತು. ಅದನ್ನು ವಾಪಸ್ ಕೂರಿಸಲು ಹೋದೆ, ಇನ್ನೂ ಮೂರು ಬಂದವು. ತೂತಿನಲ್ಲಿ ರುದ್ರಣ್ಣನ ಕಣ್ಣು ಕಾಣಿಸಿತು!

"ಏನ್ಲಾ ಮಾಡ್ತಿದೀಯ? ನಮ್ಮ ಅಟ್ಟದ ತೊಲೆ ಆ ಇಟ್ಟಿಗೆ ಮ್ಯಾಲೇ ಕುಂತೈತೆ ಕಣ್ಲಾ!"

ಆ ಅಟ್ಟದ ತುಂಬ, ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ತೆಂಗಿನಕಾಯಿ. ವರ್ಷದ ಫಸಲು! ತೊಲೆ ಕಿರ್ರೆಂದಿತು. ನಾನು ಎರಡೂ ಕೈಯಿಂದ ಗೋಡೆಯನ್ನು ಒತ್ತಿ ಹಿಡಿದೆ.

"ಅಲುಗಬ್ಯಾಡ್ರೀ, ಒನಕೆ ತತ್ತೀನಿ!" ಎಂದು ಶಾರದೆ ಓಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ದನಿ: "ಮನೇಲಿ ಯಾರಿದೀರಪ್ಪ?"

ಗಂಡು, ಅವನ ಅಪ್ಪ, ಅವ್ವ. ಬೀಗರಾಗಬೇಕಾದವರು ಹೊಸಿಲಲ್ಲಿ ನಿಂತಾಗ ಸುಮ್ಮನಿರಲಾದೀತೆ? ಅವ್ವ ಕಲಿಸಿದ ಸಂಸ್ಕಾರ! ಎರಡೂ ಕೈ ಎತ್ತಿ ಮುಗಿದೆ.

ಗೋಡೆಯೂ ಬಾಗಿ ನಮಸ್ಕರಿಸಿತು.

ಧೂಳಿನ ನಡುವೆ ಕಾಯಿಗಳು ಧಡಧಡನೆ ಕಮಾನಿನಿಂದ ನುಗ್ಗಿ ಬಂದವು. ಒಂದು ನೇರವಾಗಿ ಗಂಡಿನ ಕಾಲ ಬಳಿ ನಿಂತಿತು. ಅವನಪ್ಪ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಇನ್ನೂ ನೀರೈತೆ. ಬಿರುಕು ಬಿಟ್ರೆ ಕೊಳೀತವೆ. ನೋಡ್ತಾ ನಿಂತಿದೀರಲ್ರೀ, ಆರಿಸಿ!"

ಗಂಡು ಅಂಗಿಯ ತೋಳು ಮಡಿಸಿ ಕಮಾನು ದಾಟಿಯೇಬಿಟ್ಟ. ಆಚೆ ರುದ್ರಣ್ಣನ ತಂಗಿ ಮಂಗಳ ಕಾಯಿ ಆರಿಸಿ ಕೊಟ್ಟಳು, ಈತ ಬುಟ್ಟಿಗೆ ತುಂಬಿದ. ಸಂಜೆಯವರೆಗೂ ತುಂಬಿದ. ಕಾಫಿಯೂ ಅಲ್ಲೇ ಆಯಿತು. ನಮ್ಮ ಉಪ್ಪಿಟ್ಟು ಆರಿ ಕಲ್ಲಾಯಿತು.

ವಾರದೊಳಗೆ ರುದ್ರಣ್ಣ ಸಕ್ಕರೆ ಹಿಡಿದು ಅದೇ ಕಮಾನಿನಿಂದ ಬಂದ. "ಆ ಹುಡುಗನ್ನೇ ಮಂಗಳಂಗೆ ಗೊತ್ತು ಮಾಡಿದ್ವಿ ಕಣ್ಲಾ. ಮದುವೆ ಮುಗಿಯೋವರ್ಗೂ ಇದನ್ನ ಮುಚ್ಚಬ್ಯಾಡ, ಜನ ಜಾಸ್ತಿ."

ಅವ್ವ ನನ್ನೊಡನೆ ಮಾತು ಬಿಟ್ಟಳು. ಗಿರಿಜೆ ಮಾತ್ರ ಒಂದೇ ಮಾತು ಹೇಳಿದಳು: "ಅಣ್ಣ, ಮುಂದಿನ ಸಲ ಗಂಡು ಬರೋ ದಿನ ನೀನು ಊರಲ್ಲಿರಬೇಡ."

ಮದುವೆಯ ದಿನ ನಾನು ಕಮಾನಿನ ಕೆಳಗೇ ನಿಂತಿದ್ದೆ. ಯಾರಾದರೂ ಕೇಳಿದರೆ ಹೇಳೋಣವೆಂದು ಮುತ್ತಜ್ಜನ ಇತಿಹಾಸವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಬಂದವರೆಲ್ಲ ನನ್ನನ್ನೇ ಕೇಳಿದರು.

"ಸ್ವಾಮಿ, ಊಟಕ್ಕೆ ಈ ಕಡೆಯೋ, ಆ ಕಡೆಯೋ?"